ಕೊರಳಿಗೆ ಬಿದ್ದ ಕೋಳ

ಆ ಬೀಗದ ಕೀಲಿಕೈ ಕಳೆದು ಎಷ್ಟು ಶತಮಾನವಾಗಿತ್ತೋ ಯಾರಿಗೂ ಗೊತ್ತಿರಲಿಲ್ಲ. ಯುರೋಪಿನ ಒಂದು ಸಣ್ಣ ಊರಿನ ಮ್ಯೂಸಿಯಂನಿಂದ ಅದು ಸಿಡ್ನಿಗೆ ಬಂದಾಗ ಮರದ ಪೆಟ್ಟಿಗೆಯೊಳಗೆ ಬಾಯಿ ತೆರೆದುಕೊಂಡು ಮಲಗಿತ್ತು. ಮೂರು ಬೆರಳಗಲದ ಕಬ್ಬಿಣದ ಎರಡು ಅರ್ಧ ಬಳೆಗಳು. ಹಿಂದೆ ಅವೆರಡನ್ನೂ ಹಿಡಿದಿಟ್ಟ ಒಂದು ಕೀಲು. ಮುಂದೆ, ಒಂದು ತುದಿಯಲ್ಲಿ ಹೆಬ್ಬೆರಳು ಗಾತ್ರದ ಕೊಳವೆ, ಇನ್ನೊಂದು ತುದಿಯಲ್ಲಿ ಬಾಣದ ತಲೆಯಂಥ ಅಗುಳಿ. ಮಧ್ಯಯುಗದಲ್ಲಿ ಸಂತೆಕಟ್ಟೆಗೆ ಸರಪಳಿಯಿಂದ ಬಿಗಿದು ಅಪರಾಧಿಯ ಕೊರಳಿಗೆ ಹಾಕುತ್ತಿದ್ದ ಕೋಳ ಅದು.

ಹಳೆಯ ಲೋಹದ ವಸ್ತುಗಳು ತುಕ್ಕು ತಿಂದು ಹಾಳಾಗದಂತೆ ನೋಡಿಕೊಳ್ಳುವುದು ನನ್ನ ಕೆಲಸ. ಆ ಕಾಲದ ಅಪರಾಧ ಮತ್ತು ಶಿಕ್ಷೆಯ ಬಗ್ಗೆ ಒಂದು ಪ್ರದರ್ಶನ ಮೊದಲು ಸಿಡ್ನಿಯಲ್ಲಿ, ಆಮೇಲೆ ಮೆಲ್ಬರ್ನ್‌ನಲ್ಲಿ ನಡೆಯುವುದಿತ್ತು. ಕೋಳವನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು, ಮರದ ಕಡ್ಡಿಯಿಂದಲೂ ಮೆದು ಕುಂಚದಿಂದಲೂ ಮೇಲಿನ ಹುಡಿ ತುಕ್ಕನ್ನು ಬಿಡಿಸಿದೆ. ಕೊಳವೆಯೊಳಗೇನಿದೆ ಎಂದು ತಿಳಿಯಲು ಎಕ್ಸ್‌ರೇ ತೆಗೆದೆ. ಅದರಲ್ಲಿ ಎರಡು ಪಕ್ಕದಲ್ಲಿ ಎರಡು ಸ್ಪ್ರಿಂಗ್ ಪಟ್ಟಿಗಳು ಸ್ಪಷ್ಟವಾಗಿ ಕಂಡವು. ನಡುವೆ ಒಂದು ದಪ್ಪ ಗೆರೆ. ಕೊಳವೆಯನ್ನು ಸುತ್ತಿ ಬೆಸೆದ ಜಾಗ ಅದು ಎಂದುಕೊಂಡೆ. ಪಕ್ಕದಿಂದ ಇನ್ನೊಂದು ಎಕ್ಸ್‌ರೇ ತೆಗೆಯಲು ದಪ್ಪ ಬಳೆ ಅಡ್ಡ ಬರುತ್ತಿತ್ತು.

ಬೀಗದ ವ್ಯವಸ್ಥೆ ಸರಳ. ಬಾಣದ ತಲೆ ಒಳಗೆ ಹೋಗುವಾಗ ಸ್ಪ್ರಿಂಗ್ ಪಟ್ಟಿಗಳು ಸರಿದು ದಾರಿ ಬಿಡುತ್ತವೆ, ತಲೆ ದಾಟಿದ ಕೂಡಲೇ ಹಿಂದಿನಿಂದ ಮುಚ್ಚಿಕೊಳ್ಳುತ್ತವೆ. ಹಾಕಲು ಕೀಲಿಕೈ ಬೇಡ. ತೆಗೆಯಬೇಕಾದರೆ ಕೊಳವೆಯ ಆ ಕೊನೆಯಿಂದ ಕವಲುಳ್ಳ ಕೀಲಿಕೈ ತೂರಿಸಿ ಪಟ್ಟಿಗಳನ್ನು ಅಗಲಿಸಬೇಕು. ತೆಳು ಸೂಜಿಯಿಂದ ಒಂದು ಪಟ್ಟಿಯನ್ನು ಮೆಲ್ಲಗೆ ಒತ್ತಿ ನೋಡಿದೆ. ಅದು ಬಗ್ಗಿತು, ಬಿಟ್ಟಾಗ ಹಿಂದಕ್ಕೆ ಚಿಮ್ಮಿತು. ಇಷ್ಟು ವರ್ಷದ ಕಬ್ಬಿಣದಲ್ಲಿ ಇನ್ನೂ ಜೀವ ಇದೆಯಲ್ಲ ಎಂದು ಮೈ ಜುಮ್ಮೆಂದಿತು. ಅಗುಳಿ ತಪ್ಪಿಯೂ ಕೊಳವೆಯೊಳಗೆ ಹೋಗದಂತೆ ಬಿಳಿ ಹತ್ತಿಯ ಪಟ್ಟಿಯಿಂದ ಅದರ ಬುಡಕ್ಕೆ ದಪ್ಪ ಸುತ್ತು ಕಟ್ಟಿದೆ.

ಸಿಡ್ನಿಯ ಪ್ರದರ್ಶನ ಏನೂ ತೊಂದರೆಯಿಲ್ಲದೆ ಮುಗಿಯಿತು. ಪೆಟ್ಟಿಗೆಗಳು ಲಾರಿಯಲ್ಲಿ ಮೆಲ್ಬರ್ನ್‌ಗೆ ಹೋದವು, ನಾನು ಸಿಡ್ನಿಯ ರೌಸ್ ಹಿಲ್‌ನ ಮನೆಯಿಂದ ಚೀಲ ಹಿಡಿದು ವಿಮಾನದಲ್ಲಿ ಹೋದೆ.

ಮೆಲ್ಬರ್ನ್‌ನ ಪಶ್ಚಿಮದಲ್ಲಿ, ಟ್ರುಗನಿನಾ ಹತ್ತಿರದ ಒಂದು ಗೋದಾಮಿನಲ್ಲಿ ವಸ್ತುಗಳನ್ನು ಬಿಚ್ಚಿ ಪರೀಕ್ಷಿಸುವ ಏರ್ಪಾಡು. ಅಲ್ಲೇ ಪೋಸ್ಟರಿಗೆ ಫೋಟೊ ತೆಗೆಯುವುದೆಂದಾಗಿತ್ತು. ಫೋಟೊಗ್ರಾಫರ್ ಮೈಸೂರಿನವರು, ನಲವತ್ತು ದಾಟಿದ ದಪ್ಪ ಆಳು. ಶನಿವಾರ ಭಾನುವಾರ ಮದುವೆ, ನಾಮಕರಣ. ವಾರದ ದಿನಗಳಲ್ಲಿ ಮ್ಯೂಸಿಯಂಗಳ ಕೆಲಸ. ನನ್ನ ಹೆಸರು ಕೇಳಿ, "ಮಂಗಳೂರಾ ಮೇಡಂ? ಕನ್ನಡ ಬರುತ್ತೆ ತಾನೇ?" ಎಂದರು. "ಮನೆಯಲ್ಲಿ ಕೊಂಕಣಿ. ಶಾಲೆಯಲ್ಲಿ ಕನ್ನಡವೇ ಕಲ್ತದ್ದು ಮಾರಾಯ್ರೆ," ಎಂದೆ. ಅಲ್ಲಿಂದ ಮಾತು ಕನ್ನಡದಲ್ಲೇ ನಡೆಯಿತು; ಶಾಲೆಗೆ ಹೋಗುವ ತಮ್ಮ ಮಗಳ ಸುದ್ದಿಯೂ ಅದರಲ್ಲಿ ಬಂತು.

ಮೂರನೆಯವರು ಕ್ಯುರೇಟರ್, ಪ್ರದರ್ಶನವನ್ನು ರೂಪಿಸಿದ ಆಸ್ಟ್ರೇಲಿಯನ್ ಇತಿಹಾಸಕಾರ್ತಿ. ಬೆಳಗಿನಿಂದ ಅವರು ಒಂದೊಂದೇ ವಸ್ತುವಿನ ಕಥೆ ಹೇಳುತ್ತಿದ್ದರು. ಕಳ್ಳನನ್ನು ಕಂಡವರು ಕೂಗಬೇಕು, ಕೂಗು ಕೇಳಿದವರೆಲ್ಲ ಕೆಲಸ ಬಿಟ್ಟು ಅಟ್ಟಿಸಿಕೊಂಡು ಓಡಬೇಕು, ಓಡದಿದ್ದರೆ ಊರಿಗೇ ದಂಡ. ಸೆರೆಮನೆ ಎನ್ನುವುದು ಹೆಚ್ಚಿನ ಕಡೆ ಶಿಕ್ಷೆಯಾಗಿರಲಿಲ್ಲ, ನ್ಯಾಯಾಧೀಶ ಊರಿಗೆ ಬರುವ ತನಕ ಕೊಳೆಯುತ್ತಾ ಕಾಯುವ ಜಾಗ. ಕಾದ ಕಬ್ಬಿಣವನ್ನು ಕೈಯಲ್ಲಿ ಹಿಡಿಸಿ, ಬಟ್ಟೆ ಕಟ್ಟಿ, ಕೆಲವು ದಿನ ಬಿಟ್ಟು ಬಿಚ್ಚಿ ನೋಡುವರು. ಗಾಯ ಕೀವುಗಟ್ಟಿದ್ದರೆ ಅಪರಾಧಿ. ನಮ್ಮ ಹಳೆಯ ಶಾಸನಗಳಲ್ಲೂ ಕಾದ ನೇಗಿಲ ಗುಳವನ್ನು ಹಿಡಿಸುವ ದಿವ್ಯ ಎಂಬ ಪರೀಕ್ಷೆಯ ಮಾತು ಬರುತ್ತದೆ ಎಂದು ನಾನು ಹೇಳಿದೆ.

"ಈ ಕೋಳ ಯಾರಿಗೆ ಮೇಡಂ?" ಎಂದು ಫೋಟೊಗ್ರಾಫರ್ ಕೇಳಿದರು.

"ಸಣ್ಣಪುಟ್ಟ ತಪ್ಪಿಗೆ. ತೂಕದಲ್ಲಿ ಮೋಸ ಮಾಡಿ ಬ್ರೆಡ್ ಮಾರಿದವರಿಗೆ, ಬೀದಿಯಲ್ಲಿ ಜಗಳ ತೆಗೆದವರಿಗೆ. ಸಂತೆ ಮುಗಿಯುವ ತನಕ ಹಾಕಿ ನಿಲ್ಲಿಸುದು," ಎಂದೆ.

"ಅಷ್ಟೇನಾ? ಹಂಗಾದ್ರೆ ಪರ್ವಾಗಿಲ್ಲ ಬಿಡಿ," ಎಂದು ನಕ್ಕರು.

ಊಟದ ನಂತರ ಕೋಳದ ಸರದಿ. ಕಪ್ಪು ಬಟ್ಟೆಯ ಮುಂದೆ ಒಂದು ಸ್ಪಂಜಿನ ಬೊಂಬೆ, ಅದರ ಕತ್ತಿನ ಸುತ್ತ ತೆರೆದ ಕೋಳ. ಬಿಳಿ ಹತ್ತಿಪಟ್ಟಿ ಚಿತ್ರದಲ್ಲಿ ಎದ್ದು ಕಾಣುತ್ತದೆಂದು ಕ್ಯುರೇಟರ್ ಹೇಳಿದರು. ಒಂದೆರಡು ಚಿತ್ರದ ಮಟ್ಟಿಗೆ ಬಿಚ್ಚಿದೆ. ಚಿತ್ರ ಮುಗಿಯಿತು, ಆದರೆ ಯಾರಿಗೂ ಸಮಾಧಾನವಾಗಲಿಲ್ಲ. ಬೊಂಬೆಯ ಕತ್ತಿನ ಮೇಲೆ ನೆರಳು ಸತ್ತಂತೆ ಬೀಳುತ್ತಿತ್ತು. ಬೊಂಬೆಗೆ ಹೊದಿಸಲು ಸೆಣಬಿನ ಬಟ್ಟೆ ತರುತ್ತೇನೆಂದು ಕ್ಯುರೇಟರ್ ಹೊರಟರು. ನಾನು ಕೋಳವನ್ನು ಮೇಜಿನ ಮೆತ್ತೆಯ ಮೇಲಿಟ್ಟು, ಹೊಸ ಹತ್ತಿಪಟ್ಟಿ ಕತ್ತರಿಸಲೆಂದು ನನ್ನ ಪೆಟ್ಟಿಗೆಯ ಕಡೆ ತಿರುಗಿದೆ.

ಬೆನ್ನ ಹಿಂದೆ ಫೋಟೊಗ್ರಾಫರರ ದನಿ ಕೇಳಿತು: "ಮೇಡಂ, ಬೆಳಕು ಮನುಷ್ಯರ ಚರ್ಮದ ಮೇಲೆ ಹೆಂಗೆ ಬೀಳುತ್ತೆ ಒಂದ್ಸಲ ನೋಡ್ಬಿಡ್ತೀನಿ. ಸುಮ್ನೆ ಹಿಡ್ಕೊತೀನಿ ಅಷ್ಟೇ."

"ಬೇಡ!" ಎಂದು ತಿರುಗಿದೆ. ಅಷ್ಟರಲ್ಲಿ ಅದು ಅವರ ಕೊರಳ ಸುತ್ತ ಇತ್ತು. ಎರಡು ಕೈಯಲ್ಲೂ ಗ್ಲೌಸ್, ಒಂದು ಕೈ ಜಾರಿತು. ಬಳೆ ತನ್ನ ಭಾರಕ್ಕೆ ತಾನೇ ಕೂಡಿಕೊಂಡಿತು. ಒಂದು ಸಣ್ಣ ಸದ್ದು, ಒಣ ಕಡ್ಡಿ ಮುರಿದ ಹಾಗೆ.

ಅವರು ನಗುತ್ತಲೇ ಇದ್ದರು. ಅಗುಳಿಯನ್ನು ಎಳೆದರು. ಮತ್ತೆ ಎಳೆದರು. ನಗು ಮುಖದಲ್ಲೇ ಉಳಿದು, ಕಣ್ಣು ಮಾತ್ರ ನನ್ನನ್ನು ಹುಡುಕಿತು.

"ಮೇಡಂ, ಕೀ ಎಲ್ಲಿದೆ?"

ಇಲ್ಲ ಎನ್ನಲಾಗಲಿಲ್ಲ. "ಎಳೀಬೇಡಿ. ಕೂತ್ಕೊಳ್ಳಿ. ಗೋಡೆಗೆ ಒರಗಿ ಕೂತ್ಕೊಳ್ಳಿ," ಎಂದೆ.

ಕೋಳ ಯಾರದೋ ಸಣಕಲು ಕೊರಳಿಗೆ ಮಾಡಿದ್ದು. ಅವರ ಕುತ್ತಿಗೆಗೂ ಕಬ್ಬಿಣಕ್ಕೂ ನಡುವೆ ನನ್ನ ಕಿರುಬೆರಳು ಕೂಡ ಹೋಗುತ್ತಿರಲಿಲ್ಲ. ನೇರ ಕೂತರೆ ಉಸಿರಾಡಬಹುದಿತ್ತು. ತಲೆ ಸ್ವಲ್ಪ ಬಗ್ಗಿದರೂ ಗಂಟಲು ಒತ್ತುತ್ತಿತ್ತು. ಮೊದಮೊದಲು ಸರಿಯಾಗಿಯೇ ಇದ್ದರು. ಆಮೇಲೆ ಇದ್ದಕ್ಕಿದ್ದಂತೆ ಎರಡೂ ಕೈಯಿಂದ ಬಳೆ ಹಿಡಿದು ಜಗ್ಗಾಡತೊಡಗಿದರು. ಒಳಗಿನ ಅಂಚು ತುಕ್ಕು ತಿಂದು ಗರಗಸದಂತಾಗಿತ್ತು. ಕುತ್ತಿಗೆಯಲ್ಲಿ ರಕ್ತ ಕಂಡಿತು. ನಾನು ಅವರ ಕೈಗಳನ್ನು ಹಿಡಿದುಕೊಂಡು, ಬಟ್ಟೆಯೊಂದಿಗೆ ಓಡಿ ಬಂದ ಕ್ಯುರೇಟರ್‌ಗೆ ತುರ್ತು ಸೇವೆಯ ಟ್ರಿಪಲ್ ಝೀರೋಗೆ ಫೋನ್ ಮಾಡಲು ಕೂಗಿದೆ.

ಅಗ್ನಿಶಾಮಕ ದಳವೂ ಆಂಬುಲೆನ್ಸೂ ಬೇಗ ಬಂದವು. ದಳದ ಮುಖ್ಯಸ್ಥೆ ಗಟ್ಟಿಮುಟ್ಟಾದ ಹೆಂಗಸು. ಮಂಡಿಯೂರಿ ಕೂತು ಕೋಳವನ್ನು ಸುತ್ತಲೂ ಟಾರ್ಚಿನಿಂದ ನೋಡಿದರು. ಅವರ ತಂಡದವನೊಬ್ಬ ಕಾರಿನ ಬಾಗಿಲು ಕತ್ತರಿಸುವ ಹೈಡ್ರಾಲಿಕ್ ಕತ್ತರಿ ತಂದು ಪಕ್ಕದಲ್ಲಿಟ್ಟ. ಅದರ ದವಡೆ ತೂರಿಸಲು ಜಾಗವೇ ಇರಲಿಲ್ಲ. ಮುಖ್ಯಸ್ಥೆ ನನ್ನನ್ನು ಬದಿಗೆ ಕರೆದು, ತಿರುಗುವ ಚಕ್ರದ ಗ್ರೈಂಡರಿನಿಂದ ಕೊಯ್ದರೆ ಈ ಕಬ್ಬಿಣ ಹೇಗೆ ವರ್ತಿಸುತ್ತದೆ ಎಂದು ಕೇಳಿದರು.

ಇದ್ದದ್ದನ್ನೇ ಹೇಳಿದೆ. ಈ ಕಬ್ಬಿಣ ಈಗಿನ ಉಕ್ಕಿನಂತಲ್ಲ. ಒಳಗೆ ಕಿಟ್ಟದ ಎಳೆಗಳಿವೆ, ಕೀಲಿನ ಹತ್ತಿರ ಬಿರುಕಿದೆ. ಅದುರಿದರೆ ಚೂರಾಗಿ ಒಳಮುಖ ಚುಚ್ಚಬಹುದು. ಬಿಸಿಯಾದರೆ ಚರ್ಮಕ್ಕೆ ಅಂಟಿಕೊಂಡಿರುವ ಬಳೆಯೇ ಸುಡುತ್ತದೆ. ನಡುವೆ ತಗಡು ತೂರಿಸಲು ಸಂದಿಲ್ಲ.

ಆಗ ಆಂಬುಲೆನ್ಸಿನವನು ನಮ್ಮಿಬ್ಬರಿಗೆ ಮಾತ್ರ ಕೇಳುವಂತೆ ಮೆಲ್ಲಗೆ ಹೇಳಿದ. ಕುತ್ತಿಗೆ ಊದಿಕೊಳ್ಳುತ್ತಿದೆ. ಉಸಿರು ಕಟ್ಟಿದರೆ ಗಂಟಲಿನಲ್ಲಿ ತೂತು ಮಾಡಿ ನಳಿಗೆ ಹಾಕುವುದು ಕೊನೆಯ ದಾರಿ. ಆ ಜಾಗದ ಮೇಲೆಯೇ ಕಬ್ಬಿಣ ಕೂತಿದೆ.

"ನಾನು ಕೀಲಿಕೈ ಮಾಡಿ ನೋಡುತ್ತೇನೆ," ಎಂದೆ.

ಮುಖ್ಯಸ್ಥೆ ಫೋಟೊಗ್ರಾಫರರ ತುಟಿಯ ಬಣ್ಣ ನೋಡಿದರು, ನನ್ನ ಮುಖ ನೋಡಿದರು. "ಮಾಡಿ. ಆದರೆ ಆ ತುಟಿ ನೀಲಿಯಾದರೆ ನಾನು ನಿಮ್ಮನ್ನು ಕೇಳುವುದಿಲ್ಲ, ಗ್ರೈಂಡರ್ ಹಾಕುತ್ತೇನೆ," ಎಂದರು. ಗ್ರೈಂಡರಿಗೆ ವೈರ್ ಜೋಡಿಸಿಟ್ಟು, ಒದ್ದೆ ಬಟ್ಟೆಗಳನ್ನು ಸಿದ್ಧ ಮಾಡಿಕೊಂಡರು.

ಸಿಡ್ನಿಯಲ್ಲಿ ತೆಗೆದ ಎಕ್ಸ್‌ರೇಯನ್ನು ಲ್ಯಾಪ್‌ಟಾಪಿನಲ್ಲಿ ತೆರೆದೆ. ನನ್ನ ಪೆಟ್ಟಿಗೆಯಲ್ಲಿ ತೆಳು ಹಿತ್ತಾಳೆ ತಗಡಿತ್ತು. ಎರಡು ಹಲ್ಲಿನ ಕವಲು ಕತ್ತರಿಸಿ, ಅರ ಹಾಕಿ ನಯ ಮಾಡಿ, ಕೊಳವೆಯ ಕೊನೆಯ ಸೀಳಿಗೆ ತೂರಿಸಿದೆ. ಕೊಳವೆ ಅವರ ಎಡ ದವಡೆಯ ಕೆಳಗಿತ್ತು. ನನ್ನ ಮುಖ ಅವರ ಮುಖಕ್ಕೆ ಎಷ್ಟು ಹತ್ತಿರವಿತ್ತೆಂದರೆ ಅವರ ಬೆವರಿನ ಬಿಸಿ ನನಗೆ ತಾಗುತ್ತಿತ್ತು. ಹಿತ್ತಾಳೆ ಒಳಗೆ ಹೋಯಿತು, ಸ್ಪ್ರಿಂಗಿಗೆ ತಾಗಿತು, ಮಡಚಿಕೊಂಡಿತು. ಮೆದುವಾಗಿತ್ತು.

"ಮೇಡಂ, ಮಾತಾಡ್ತಾ ಇರಿ," ಎಂದು ಅವರು ಪಿಸುಗುಟ್ಟಿದರು. "ಇವ್ರ ಇಂಗ್ಲಿಷ್ ಕೇಳಿದ್ರೆ ಏನೋ ಆಗೋಗಿದೆ ಅನ್ಸುತ್ತೆ. ಕನ್ನಡದಲ್ಲಿ ಮಾತಾಡಿ."

"ಎಂತ ಮಾತಾಡುದು?"

"ಏನ್ ಮಾಡ್ತಿದೀರಿ ಅದನ್ನೇ ಹೇಳಿ."

ಹೇಳುತ್ತಾ ಹೋದೆ. ಹಿತ್ತಾಳೆ ಮಡಚಿತು, ಈಗ ಉಕ್ಕಿನದು ಮಾಡ್ತೇನೆ. ಅಗ್ನಿಶಾಮಕದವರ ಪೆಟ್ಟಿಗೆಯಲ್ಲಿ ಎಂಜಿನ್ನಿನ ಸಂದು ಅಳೆಯುವ ತೆಳು ಉಕ್ಕಿನ ಪಟ್ಟಿಗಳುಂಟು. ಎರಡು ತಗೊಂಡೆ. ಒಂದು ಎಡಕ್ಕೆ, ಒಂದು ಬಲಕ್ಕೆ. ಎಡದ್ದು ಹೋಯ್ತು. ನೀವು ಉಗುಳು ನುಂಗ್ಬೇಡಿ, ಸ್ವಲ್ಪ ತಡೀರಿ. ಬಲದ್ದೂ ಹೋಯ್ತು.

ಎರಡೂ ಸ್ಪ್ರಿಂಗ್ ಸರಿದದ್ದು ಬೆರಳಿಗೆ ಗೊತ್ತಾಯಿತು. ಮುಖ್ಯಸ್ಥೆ ಬಳೆಯನ್ನು ಹಿಡಿದು ಮೆಲ್ಲಗೆ ಅಗಲಿಸಿದರು. ಅಗುಳಿ ಕೂದಲೆಳೆಯಷ್ಟು ಹೊರಗೆ ಬಂತು.

ಅಲ್ಲೇ ನಿಂತಿತು.

ಮತ್ತೆ ಒತ್ತಿದೆ, ಮತ್ತೆ ಎಳೆದರು. ಇಲ್ಲ. ಲ್ಯಾಪ್‌ಟಾಪಿನ ಕಡೆ ತಿರುಗಿ ನೋಡಿದಾಗ ಆ ನಡುವಿನ ದಪ್ಪ ಗೆರೆ ಕಂಡಿತು. ಬೆಸುಗೆಯಾಗಿದ್ದರೆ ಅದು ಕೊಳವೆಯ ತುದಿಯ ತನಕ ಹೋಗಬೇಕಿತ್ತು. ಅರ್ಧದಲ್ಲೇ ಮುಗಿದಿತ್ತು. ಅದು ಬೆಸುಗೆಯಲ್ಲ, ಅಂಚಿನ ಕಡೆಯಿಂದ ಕಂಡ ಮೂರನೆಯ ಸ್ಪ್ರಿಂಗ್. ಅದನ್ನು ತಲುಪಬೇಕಾದ ಸೀಳು ಗಟ್ಟಿ ತುಕ್ಕಿನಿಂದ ಕಲ್ಲಾಗಿ ಮುಚ್ಚಿಹೋಗಿತ್ತು.

"ನಿಲ್ಸಿದ್ರಲ್ಲ," ಎಂದರು ಅವರು. "ಯಾಕೆ ನಿಲ್ಸಿದ್ರಿ?"

ಸುಳ್ಳು ಹೇಳೋಣವೆನಿಸಿತು. ಅವರ ಕಣ್ಣು ನೋಡಿ ಆಗಲಿಲ್ಲ. "ಎರಡೇ ಅಂತ ಅಂದ್ಕೊಂಡಿದ್ದೆ. ಇನ್ನೊಂದುಂಟು."

ಅವರು ಕಣ್ಣು ಮುಚ್ಚಿಕೊಂಡರು. ಮುಚ್ಚಿದ ರೆಪ್ಪೆಯ ಅಂಚಿನಿಂದ ನೀರು ಇಳಿಯಿತು. ಉಸಿರು ಒಳಗೆ ಹೋಗುವಾಗ ಸಣ್ಣ ಸೀಟಿಯಂಥ ಸದ್ದು ಶುರುವಾಗಿತ್ತು. ಆಂಬುಲೆನ್ಸಿನವನು ಮುಖ್ಯಸ್ಥೆಯತ್ತ ನೋಡಿ ತಲೆಯಾಡಿಸಿದ. ಅವರು ಗ್ರೈಂಡರ್ ಎತ್ತಿಕೊಂಡರು.

ಉಳಿದಿದ್ದ ದಾರಿ ಒಂದೇ. ಕೊಳವೆಯ ಕೊನೆಯಲ್ಲಿ ಆ ಸೀಳುಗಳಿದ್ದ ಮುಚ್ಚಳ ದವಡೆಯಿಂದ ಸ್ವಲ್ಪ ಹೊರಗೆ ಚಾಚಿಕೊಂಡಿತ್ತು. ಅದನ್ನು ಅಕ್ಕಸಾಲಿಗರ ಸಣ್ಣ ಗರಗಸದಿಂದ ಕೊಯ್ದು ತೆಗೆದರೆ ಮೂರನೆಯ ಪಟ್ಟಿ ಎದುರಿಗೇ ಸಿಗುತ್ತದೆ. ಆ ಗರಗಸ ಕೈಯದು. ಕಿಡಿಯಿಲ್ಲ, ಅದುರುವುದು ಕಡಿಮೆ. ಆದರೆ ಆ ಮುಚ್ಚಳವೇ ಆ ಬೀಗದ ಜೀವ. ಅಂಥ ಇನ್ನೊಂದು ಬೀಗ ಎಲ್ಲೂ ಉಳಿದಿಲ್ಲವೆಂದೇ ಅದನ್ನು ಅಷ್ಟು ದೂರದಿಂದ ತರಿಸಿದ್ದು. ನಮ್ಮ ಕೆಲಸದಲ್ಲಿ ಮೊದಲು ಕಲಿಸುವುದು, ಹಿಂದಕ್ಕೆ ಪಡೆಯಲಾಗದ್ದನ್ನು ಏನೂ ಮಾಡಬಾರದೆಂದು. ಅಂಟು ಹಾಕಿದರೂ ನಾಳೆ ಬಿಡಿಸುವಂತಿರಬೇಕು.

ಕ್ಯುರೇಟರ್ ಗೋಡೆಯ ಬಳಿ ನಿಂತು ಕೋಳದ ಒಡೆಯರಾದ ಮ್ಯೂಸಿಯಂಗೆ ಫೋನ್ ಮಾಡುತ್ತಲೇ ಇದ್ದರು. ಅಲ್ಲಿ ಇನ್ನೂ ಬೆಳಗಾಗಿರಲಿಲ್ಲ, ಯಾರೂ ಎತ್ತುತ್ತಿರಲಿಲ್ಲ. "ಒಂದು ನಿಮಿಷ ತಡೆಯಿರಿ, ನಿರ್ದೇಶಕರ ಮನೆ ನಂಬರ್ ಸಿಕ್ಕಿದೆ," ಎಂದು ಅವರು ಹೇಳಿದರು. ಅವರು ಕೆಟ್ಟವರಲ್ಲ. ಅವರೂ ಹೆದರಿದ್ದರು.

"ನಾನು ಕೊಯ್ತೇನೆ. ಹೇಳುವುದನ್ನು ಆಮೇಲೆ ಹೇಳಿ," ಎಂದೆ.

ಗ್ಲೌಸ್ ಕಿತ್ತು ಎಸೆದೆ, ಬೆವರಿನಿಂದ ಜಾರುತ್ತಿದ್ದವು. ಗರಗಸಕ್ಕೆ ಕೂದಲಿನಂಥ ಅಲಗು ಜೋಡಿಸಿದೆ. ಮುಖ್ಯಸ್ಥೆ ಗ್ರೈಂಡರ್ ಕೆಳಗಿಟ್ಟು, ದಪ್ಪ ಕೈಗವಸಿನ ಎರಡೂ ಕೈಯಿಂದ ಕೊಳವೆಯನ್ನು ಅಲ್ಲಾಡದಂತೆ ಹಿಡಿದರು. ಮೊದಲ ಎಳೆತಕ್ಕೆ ಅಲಗು ತುಂಡಾಯಿತು. ಇನ್ನೊಂದು ಜೋಡಿಸುವಾಗ ಅಲಗು ನೆಲಕ್ಕೆ ಬಿತ್ತು, ಹುಡುಕದೆ ಮತ್ತೊಂದು ತೆಗೆದೆ. ಆಂಬುಲೆನ್ಸಿನವನು ನಳಿಗೆಯಿಂದ ಹನಿಹನಿ ನೀರು ಬಿಡುತ್ತಿದ್ದ. ಕೆಂಪು ಕೆಸರಿನಂಥ ತುಕ್ಕು ಅವರ ಅಂಗಿಯ ಮೇಲೆ ಇಳಿಯಿತು.

"ಮಾತಾಡಿ," ಎಂದಂತಾಯಿತು. ದನಿ ಬರಲಿಲ್ಲ, ತುಟಿ ಅಲ್ಲಾಡಿದ್ದಷ್ಟೇ.

"ಕೊಯ್ತಾ ಇದ್ದೇನೆ. ಅರ್ಧ ಆಯ್ತು. ಗರಗಸ ಸರಿಯಾಗಿ ಹೋಗ್ತಾ ಉಂಟು. ನಿಮ್ಮ ಮಗಳು ಎಷ್ಟನೇ ಕ್ಲಾಸು? ಹೇಳ್ಬೇಡಿ, ಆಮೇಲೆ ಹೇಳಿ. ಮುಕ್ಕಾಲು ಆಯ್ತು."

ಮುಚ್ಚಳ ನನ್ನ ಅಂಗೈಗೆ ಬಿತ್ತು. ಅಂಗಿಯ ಗುಂಡಿಗಿಂತ ದೊಡ್ಡದಿರಲಿಲ್ಲ. ಒಳಗೆ ಟಾರ್ಚ್ ಬಿಟ್ಟಾಗ ಮೂರನೆಯ ಪಟ್ಟಿ ಕಪ್ಪಗೆ ಹೊಳೆಯಿತು. ಮೂರು ಉಕ್ಕಿನ ಪಟ್ಟಿಗಳನ್ನು ಒಂದೊಂದಾಗಿ ತೂರಿಸಿ ಒಟ್ಟಿಗೆ ಒತ್ತಿದೆ. ಮುಖ್ಯಸ್ಥೆ ಎಳೆದರು. ಅಗುಳಿ ಕಿರುಗುಟ್ಟುತ್ತಾ ಹೊರಗೆ ಬಂತು, ಬಳೆ ತೆರೆದುಕೊಂಡಿತು. ಫೋಟೊಗ್ರಾಫರ್ ಮುಂದಕ್ಕೆ ಬಾಗಿ, ನೆಲಕ್ಕೆ ಎರಡೂ ಕೈ ಊರಿ, ಗಾಳಿಯನ್ನು ನೀರು ಕುಡಿದಂತೆ ಗಟಗಟನೆ ಕುಡಿದರು. ನಾನು ಕೋಳವನ್ನು ಎಲ್ಲಿಟ್ಟೆನೋ ನೆನಪಿಲ್ಲ. ಮೆತ್ತೆಯ ಮೇಲಂತೂ ಅಲ್ಲ. ಆಮೇಲೆ ನೋಡಿದಾಗ ಕಾಂಕ್ರೀಟ್ ನೆಲದಲ್ಲಿ ಬಿದ್ದಿತ್ತು.

ಆಂಬುಲೆನ್ಸಿಗೆ ಹತ್ತಿಸುವಾಗ ಅವರು ನನ್ನ ಮಣಿಕಟ್ಟು ಹಿಡಿದುಕೊಂಡರು. "ಸಂತೆ ಮುಗಿಯೋ ತನಕ ಅಂದ್ರಲ್ಲ ಮೇಡಂ," ಎಂದರು, ಒಡೆದ ದನಿಯಲ್ಲಿ. "ಅಷ್ಟೊತ್ತು ಹೆಂಗಿರ್ತಿದ್ರು?"

ಒಂದು ರಾತ್ರಿ ಆಸ್ಪತ್ರೆಯಲ್ಲಿದ್ದು ಮನೆಗೆ ಹೋದರು. ಕೋಳದ ಒಡೆಯರಿಗೆ ನಡೆದದ್ದನ್ನು ನಾನೇ ಫೋನಿನಲ್ಲಿ ಹೇಳಿದೆ. ಆ ಕಡೆಯ ಸಂರಕ್ಷಕಿ ಮೊದಲು ಕೇಳಿದ್ದು ಆ ಮನುಷ್ಯ ಹೇಗಿದ್ದಾನೆ ಎಂದು. ಎರಡನೆಯದು, ಮುಚ್ಚಳ ಭದ್ರವಾಗಿದೆಯೇ ಎಂದು. ಆ ಮ್ಯೂಸಿಯಂಗೂ ನಮ್ಮವರಿಗೂ ನಡುವೆ ವಿಚಾರಣೆ, ವಿಮೆ ಎಲ್ಲ ನಡೆಯಿತು. ನಿಜವಾದ ವಸ್ತುವನ್ನು ಮನುಷ್ಯರ ಮೈಗೆ ಹಿಡಿಯುವುದಿರಲಿ, ಇನ್ನು ಮುಂದೆ ನನ್ನಂಥ ಸಂರಕ್ಷಕರ ಕೈಯಿಂದ ಬಿಡಬಾರದೆಂದು ನಿಯಮ ಬಂತು. ಕೊಯ್ದ ಭಾಗವನ್ನು ಅಂಟಿಸಬೇಡಿ, ಪಕ್ಕದಲ್ಲೇ ಇಡಿ ಎಂದು ಒಡೆಯರು ಹೇಳಿ ಕಳಿಸಿದರು. ಹಾಗೆಯೇ ಇಟ್ಟೆ. ಕೋಳವನ್ನು ಗಾಜಿನ ಪೆಟ್ಟಿಗೆಯಲ್ಲಿ ಜೋಡಿಸುವ ದಿನ ಎರಡು ಬಳೆಗಳನ್ನು ಹತ್ತಿರ ತರಲು ನನ್ನಿಂದಾಗಲಿಲ್ಲ. ಅಗಲವಾಗಿ ತೆರೆದೇ ಕೂರಿಸಿದೆ.

ಪ್ರದರ್ಶನ ಶುರುವಾದ ಸಂಜೆ ಫೋಟೊಗ್ರಾಫರ್ ಬಂದರು. ನಾನು ನಿರೀಕ್ಷಿಸಿರಲಿಲ್ಲ. ಕಾಲರ್ ಇಲ್ಲದ ಟೀ ಶರ್ಟ್; ಕುತ್ತಿಗೆಯ ಸುತ್ತ ಮಾಸುತ್ತಿದ್ದ ಕಂದು ಗೆರೆ. "ಒಪ್ಕೊಂಡಿದ್ದ ಕೆಲ್ಸ ಮೇಡಂ. ಓಪನಿಂಗ್ ಫೋಟೊ ನನ್ನದೇ," ಎಂದರು. ಕೋಳವಿದ್ದ ಪೆಟ್ಟಿಗೆಯ ಹತ್ತಿರ ಹೋಗಲಿಲ್ಲ.

ಸಭಾಂಗಣದ ಕೊನೆಯಲ್ಲಿ, ಬಂದವರ ಮೋಜಿಗೆಂದು ಹೊಸ ಪೈನ್ ಮರದ ಒಂದು ಶಿಕ್ಷೆಯ ಚೌಕಟ್ಟು ನಿಲ್ಲಿಸಿದ್ದರು. ಎರಡು ಹಲಗೆಗಳ ನಡುವೆ ತಲೆಗೊಂದು, ಕೈಗೆರಡು ತೂತು. ಜನ ಸಾಲಾಗಿ ನಿಂತು, ತಲೆಯಿಟ್ಟು, ನಾಲಗೆ ಚಾಚಿ ಸೆಲ್ಫಿ ತೆಗೆದುಕೊಳ್ಳುತ್ತಿದ್ದರು. ಒಬ್ಬ ಅಪ್ಪ ಮಗಳ ತಲೆಯಿಡಿಸಿ ಮೇಲಿನ ಹಲಗೆ ಇಳಿಸಿದ. ಹುಡುಗಿ ಕಿಲಕಿಲ ನಗುತ್ತಿದ್ದಳು.

ಫೋಟೊಗ್ರಾಫರ್ ಕ್ಯಾಮೆರಾ ಇಳಿಸಿದರು. "ಬೀಗ ಇದ್ಯಾ ಮೇಡಂ ಅದಕ್ಕೆ?"

"ಇಲ್ಲ. ಅಯಸ್ಕಾಂತ ಅಷ್ಟೆ. ತಲೆ ಎತ್ತಿದ್ರೆ ತೆರೀತದೆ."

"ನೋಡಿದೀರಾ?"

ನೋಡಿದ್ದೆ, ಬೆಳಿಗ್ಗೆಯೇ. ಆದರೂ ಹೋಗಿ, ಸಾಲನ್ನು ಒಂದು ಕ್ಷಣ ತಡೆದು, ಹಲಗೆಯನ್ನು ಎತ್ತಿ ಇಳಿಸಿ ಮತ್ತೆ ನೋಡಿದೆ. ತಿರುಗಿ ಬಂದಾಗ ಅವರು ಕ್ಯಾಮೆರಾವನ್ನು ಚೀಲಕ್ಕೆ ಹಾಕಿದ್ದರು. ಮನೆಗೆ ಹೊರಟರೆಂದುಕೊಂಡೆ. ಹೊರಡಲಿಲ್ಲ. ಚೌಕಟ್ಟಿನ ಪಕ್ಕದಲ್ಲಿ, ಯಾರ ಚಿತ್ರಕ್ಕೂ ಅಡ್ಡ ಬಾರದಂತೆ ಹೋಗಿ ನಿಂತರು. ಒಂದೊಂದು ತಲೆ ಒಳಗೆ ಹೋದಾಗಲೂ ಹಲಗೆಯ ಅಂಚಿಗೆ ಕೈ ತಂದಿಟ್ಟರು, ಹೊರಗೆ ಬಂದ ಮೇಲೆ ತೆಗೆದರು. ದೀಪ ಆರಿಸುತ್ತೇವೆಂದು ಕಾವಲಿನವರು ಬಂದು ಹೇಳುವ ತನಕ ಅವರು ಅಲ್ಲೇ ನಿಂತಿದ್ದರು.